ಬೀಗದ ಕೈ ಸದ್ದಾದರೂ ಎದೆ ಹೊಡೆದುಕೊಳ್ಳುತ್ತದೆ, ನಾನು ಈ ಕೆಲಸಕ್ಕೆ ಲಾಯಕ್ಕಲ್ಲವೇ?

ಪ್ರಶ್ನೆ: ನನಗೆ 31 ವರ್ಷ. ಏಳು ವರ್ಷದಿಂದ ಮಹಿಳಾ ಮನೋರೋಗ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಆರು ವಾರದ ಹಿಂದೆ ನೈಟ್ ಡ್ಯೂಟಿಯಲ್ಲಿದ್ದಾಗ, ದಾಖಲಾಗಿ ನಾಲ್ಕೇ ದಿನವಾಗಿದ್ದ ಒಬ್ಬ ರೋಗಿ ಮನೆಗೆ ಫೋನ್ ಮಾಡಬೇಕೆಂದು ಮೂರು ಸಲ ಬಂದು ಕೇಳಿದರು. ಬೆಳಿಗ್ಗೆ ಮಾಡೋಣ ಎಂದೆ. ಮಾತ್ರೆಯ ಟ್ರೇ ಹಿಡಿದು ತಿರುಗುವಷ್ಟರಲ್ಲಿ ಹಿಂದಿನಿಂದ ಕೂದಲು ಹಿಡಿದೆಳೆದು ಗೋಡೆಗೆ ತಳ್ಳಿದರು. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಹೊಲಿಗೆ ಹಾಕಿಸಿಕೊಂಡು ಬಂದು ಪಾಳಿ ಮುಗಿಸಿದೆ, ಬಿಡಿಸಲು ಬೇರೆ ಯಾರೂ ಇರಲಿಲ್ಲ. ಬೆಳಿಗ್ಗೆ ಇನ್‌ಚಾರ್ಜ್ ಸಿಸ್ಟರ್ ಕೇಳಿದ ಮೊದಲ ಮಾತು, ‘ಅವರಿಗೆ ಬೆನ್ನು ಹಾಕಿದ್ದು ಯಾಕೆ?’

ಈಗ ಬೀಗದ ಕೈ ಗೊಂಚಲಿನ ಸದ್ದಾದರೂ ಎದೆ ಹೊಡೆದುಕೊಳ್ಳುತ್ತದೆ. ನೈಟ್ ಮುಗಿಸಿ ಬಂದು ಮಲಗಿದರೆ ಎರಡು ಗಂಟೆಗೆ ಎಚ್ಚರವಾಗುತ್ತದೆ, ಅದೇ ಗೋಡೆ ಕನಸಿನಲ್ಲಿ ಬರುತ್ತದೆ. ಸಹೋದ್ಯೋಗಿ ಕೊಟ್ಟ ಲೊರಾಜೆಪಾಮ್ ಎಂಬ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಮಾತ್ರೆ ಐದಾರು ಸಲ ತೆಗೆದುಕೊಂಡಿದ್ದೇನೆ. ಇದಕ್ಕಿಂತ ಹೆದರಿಕೆಯ ವಿಷಯ ಇನ್ನೊಂದಿದೆ. ಕಳೆದ ವಾರ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬರು ನನ್ನ ಮುಂದೆ ಕೂತು ಅಳುತ್ತಿದ್ದರು, ನಾನು ಗಡಿಯಾರ ನೋಡುತ್ತಿದ್ದೆ. ಏನೂ ಅನ್ನಿಸಲಿಲ್ಲ. ಮನೆಯಲ್ಲಿ ‘ಅಂಥವರ ಜೊತೆ ಇದ್ದೂ ಇದ್ದೂ ನಿನಗೂ ಅದೇ ಬಂತು’ ಅನ್ನುತ್ತಾರೆ. ಡಾಕ್ಟರಿಗೆ ತೋರಿಸಿದರೆ ದಾಖಲೆಯಲ್ಲಿ ಉಳಿದು ಕೆಲಸಕ್ಕೆ ಕುತ್ತು ಬಂದೀತೆಂಬ ಭಯ. ಆ ರೋಗಿ ಈಗ ಸುಧಾರಿಸಿದ್ದಾರೆ, ಆದರೆ ಇನ್ನೂ ವಾರ್ಡಿನಲ್ಲೇ ಇದ್ದಾರೆ. ಅವರ ಮುಖ ನೋಡಲಾಗುತ್ತಿಲ್ಲ. ವರ್ಗ ಕೇಳಲೇ, ಕೆಲಸವನ್ನೇ ಬಿಡಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಒಂದೇ ಸಾಲಿನಲ್ಲಿ ನಿಂತೆ: ‘ಹೊಲಿಗೆ ಹಾಕಿಸಿಕೊಂಡು ಬಂದು ಪಾಳಿ ಮುಗಿಸಿದೆ.’ ತಲೆ ಗೋಡೆಗೆ ಬಡಿದು ರಕ್ತ ಸುರಿದವರನ್ನು ಅದೇ ರಾತ್ರಿ, ಅದೇ ಕಾರಿಡಾರಿಗೆ ಒಬ್ಬರನ್ನೇ ವಾಪಸ್ ಕಳಿಸಿದ್ದಾರೆ. ಬೆಳಿಗ್ಗೆ ‘ಹೇಗಿದ್ದೀರಿ’ ಎಂದು ಕೇಳುವ ಬದಲು ತಪ್ಪು ಹುಡುಕಿದ್ದಾರೆ. ಮನೋರೋಗ ಶುಶ್ರೂಷೆಯಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ಅದರಲ್ಲಿ ಕೊನೆಯ ಹನ್ನೊಂದು ವರ್ಷ ನಿಮ್ಮಂತೆ ಪೆಟ್ಟು ತಿಂದ ಸಿಬ್ಬಂದಿಯ ಜೊತೆಗೇ ಕೆಲಸ. ಅವರಲ್ಲಿ ಹೆಚ್ಚಿನವರು ಪೆಟ್ಟನ್ನು ಮರೆತಿದ್ದಾರೆ. ಪೆಟ್ಟಿನ ನಂತರದ ಅರ್ಧ ಗಂಟೆಯಲ್ಲಿ ಯಾರು ಏನಂದರು ಎಂಬುದನ್ನು ಒಬ್ಬರೂ ಮರೆತಿಲ್ಲ.

ನಿಮ್ಮನ್ನು ಕಾಡುತ್ತಿರುವ ಪ್ರಶ್ನೆ ಒಂದೇ ಎಂದು ಕಾಣುತ್ತದೆ: ಇಷ್ಟು ಹೆದರುವವಳು, ಇಷ್ಟು ಕಲ್ಲಾದವಳು ಈ ಕೆಲಸಕ್ಕೆ ಲಾಯಕ್ಕಾ? ಲಾಯಕ್ಕು. ಆದರೆ ಈಗಿನ ಸ್ಥಿತಿಯಲ್ಲೇ, ಈಗಿನ ಏರ್ಪಾಡಿನಲ್ಲೇ ಮುಂದುವರಿಯಬಾರದು. ಯಾಕೆಂದು ಬಿಡಿಸಿ ಹೇಳುತ್ತೇನೆ.

ಮೊದಲು ಮನೆಯವರ ಮಾತು. ಮಾನಸಿಕ ಕಾಯಿಲೆ ಅಂಟುವುದಿಲ್ಲ. ರೋಗಿಗಳ ಜೊತೆ ನಲವತ್ತು ವರ್ಷ ಇದ್ದರೂ ಅವರ ಸ್ಕಿಜೋಫ್ರೇನಿಯಾ ಆಗಲಿ, ಉನ್ಮಾದವಾಗಲಿ ನಿಮಗೆ ಬರುವುದಿಲ್ಲ. ನಿಮಗಾಗಿರುವುದು ಗಾಯ. ಹೊಲಿಗೆ ಬಿದ್ದದ್ದು ಹುಬ್ಬಿಗೆ, ಹೊಲಿಗೆ ಬೀಳದ್ದು ಒಳಗೆ. ‘ಮನೋರೋಗಿಗಳೆಂದರೇ ಅಪಾಯ’ ಎಂದು ಮನೆಯಲ್ಲಿ ತೀರ್ಮಾನಿಸಿದ್ದರೆ ಅದೂ ಸರಿಯಲ್ಲ. ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ, ಅವರೇ ಇತರರಿಂದ ಪೆಟ್ಟು ತಿನ್ನುವುದು ಹೆಚ್ಚು. ಹಾಗೆಂದು ನಿಮ್ಮ ವಾರ್ಡಿನಲ್ಲಿ ಅಪಾಯವೇ ಇಲ್ಲ ಎಂದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಕಾಯಿಲೆ ಅತಿ ಜೋರಾಗಿರುವ ದಿನಗಳಲ್ಲಿ, ಎಷ್ಟೋ ಸಲ ಅವರ ಇಷ್ಟಕ್ಕೆ ವಿರುದ್ಧವಾಗಿ, ಜನರನ್ನು ಕರೆತರುವ ಜಾಗ ಅದು. ಆ ಕೆಲವು ದಿನಗಳ ಅಪಾಯವನ್ನು ಇಡೀ ಜಗತ್ತಿನ ಪರವಾಗಿ ಹೊರುವವರು ನರ್ಸುಗಳು.

ಇನ್ನು ‘ಇದೆಲ್ಲ ಕೆಲಸದ ಭಾಗ’ ಎಂಬ ಮಾತು. ನಿಮ್ಮ ಇನ್‌ಚಾರ್ಜ್ ಇದನ್ನು ಹೇಳಿದರೋ ಇಲ್ಲವೋ, ವಾರ್ಡಿನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಅಪಾಯ ಕೆಲಸದ ಭಾಗ, ಒಪ್ಪುತ್ತೇನೆ. ಅದಕ್ಕಾಗಿಯೇ ಇಬ್ಬರು ಇರಬೇಕು, ಕರೆಗಂಟೆ ಇರಬೇಕು, ಪೆಟ್ಟು ಬಿದ್ದವರನ್ನು ಬಿಡಿಸಲು ಬದಲಿ ಇರಬೇಕು. ಇದು ಯಾವುದೂ ಇಲ್ಲದ ರಾತ್ರಿಯಲ್ಲಿ ಒಬ್ಬ ನರ್ಸ್ ಹುಬ್ಬು ಒಡೆಸಿಕೊಂಡಿದ್ದನ್ನು ‘ಕೆಲಸದ ಭಾಗ’ ಅನ್ನಲು ಬರುವುದಿಲ್ಲ. ಅದು ಏರ್ಪಾಡಿನ ದೋಷ. ಕೆಲಸದ ಸ್ಥಳದ ಹಿಂಸೆ, ಕಿರುಕುಳದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ 190ನೇ ಒಡಂಬಡಿಕೆ ತಂದಾಗ, ಅಂಥ ಹಿಂಸೆಯ ಅಪಾಯವನ್ನು ಗುರುತಿಸಿ ತಡೆಯುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹಾಕಿತು. ಬೆನ್ನು ಹಾಕಿದ್ದು ಯಾಕೆ ಎಂಬ ಪ್ರಶ್ನೆಗೆ ಉತ್ತರವೂ ಸರಳ. ಇಡೀ ವಾರ್ಡಿನಲ್ಲಿ ಒಬ್ಬರೇ ಇರುವವರು ಎಲ್ಲಿ ತಿರುಗಿದರೂ ಯಾರಿಗಾದರೂ ಬೆನ್ನು ಹಾಕಿಯೇ ಇರುತ್ತಾರೆ.

ಈಗ ನಿಮಗೇನಾಗಿದೆ ಎಂಬುದಕ್ಕೆ ಬರೋಣ. ನೀವು ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ‘ನಾನು ಸರಿಯಿಲ್ಲ’ ಎಂದಿದ್ದೀರಿ. ಬಿಚ್ಚಿದರೆ ಒಳಗೆ ಬೇರೆ ಬೇರೆ ಎಳೆಗಳಿವೆ, ಒಂದೊಂದಕ್ಕೂ ಮದ್ದು ಬೇರೆ.

ಕೀ ಸದ್ದಿಗೆ ಬೆಚ್ಚುವುದು, ಅದೇ ಗೋಡೆ ಕನಸಿನಲ್ಲಿ ಬರುವುದು, ಆ ಮುಖವನ್ನು ತಪ್ಪಿಸಿ ಓಡಾಡುವುದು, ಇವೆಲ್ಲ ಆಘಾತದ ಲಕ್ಷಣ. ಆ ರಾತ್ರಿ ನಿಮ್ಮ ಮೆದುಳು ಒಂದು ಪಾಠ ಕಲಿಯಿತು: ಈ ಸದ್ದು, ಈ ಕತ್ತಲು, ಈ ಕಾರಿಡಾರು ಅಂದರೆ ಪ್ರಾಣಕ್ಕೆ ಸಂಚಕಾರ. ಒಂದೇ ಸಲಕ್ಕೆ ಕಲಿತ ಪಾಠವಾದ್ದರಿಂದ ಅದಕ್ಕೆ ನಯ ನಾಜೂಕಿಲ್ಲ. ಹಗಲಿನ ಕೀ ಸದ್ದು ಯಾವುದು, ಆ ರಾತ್ರಿಯದು ಯಾವುದು ಎಂದು ನೋಡದೆ ಗಂಟೆ ಬಾರಿಸುತ್ತದೆ. ನನಗೆ ಗೊತ್ತಿರುವ ನರ್ಸ್ ಒಬ್ಬರು ಹಲ್ಲೆಯಾದ ಮೇಲೆ ತಮ್ಮ ಕೀ ಗೊಂಚಲಿಗೆ ಗಾಜ್ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟರ್ ಅಂಟಿಸಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಪ್ರತಿ ಬಾಗಿಲಲ್ಲೂ ನಿಂತು ಪ್ಲಾಸ್ಟರ್ ಬಿಚ್ಚಿ, ಬೀಗ ತೆಗೆದು, ಮತ್ತೆ ಸುತ್ತುತ್ತಿದ್ದರು. ನಾಲ್ಕು ತಿಂಗಳು ಹೀಗೇ ನಡೆಯಿತು. ಎಲ್ಲರೂ ಅದನ್ನು ಅವರ ಅಭ್ಯಾಸ ಅಂದುಕೊಂಡಿದ್ದರು, ನಾನೂ ಸೇರಿ. ಅವರು ನನ್ನ ಮುಂದೆ ಕೂತು ಹೇಳಿದ ಮೇಲೆಯೇ ಆ ಗಾಜ್ ಬಟ್ಟೆ ಯಾಕೆಂದು ನನಗೆ ತಿಳಿದದ್ದು. ಆ ನಾಚಿಕೆ ನನ್ನಲ್ಲಿ ಇನ್ನೂ ಇದೆ.

ಇಂಥ ಲಕ್ಷಣಗಳು ಮೊದಲ ಕೆಲವು ವಾರ ಇದ್ದರೆ ಗಾಬರಿ ಬೀಳಬೇಕಿಲ್ಲ, ಬಹಳಷ್ಟು ಜನರಲ್ಲಿ ತಾವಾಗಿ ಇಳಿಯುತ್ತವೆ. ಒಂದು ತಿಂಗಳು ದಾಟಿಯೂ ಉಳಿದು, ನಿದ್ದೆಗೂ ಕೆಲಸಕ್ಕೂ ಅಡ್ಡ ಬರುತ್ತಿದ್ದರೆ ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇದೆಯೇ ಎಂದು ಪರೀಕ್ಷಿಸಬೇಕು. ನಿಮಗೆ ಆರು ವಾರ ಆಗಿದೆ. ಪತ್ರ ಓದಿ ರೋಗದ ಹೆಸರು ಹೇಳುವುದು ನನ್ನ ಕೆಲಸವಲ್ಲ. ಆದರೆ ಇನ್ನು ಕಾದು ನೋಡುವ ಹಂತ ಮುಗಿದಿದೆ, ಈ ವಾರವೇ ತೋರಿಸಿ. ತೋರಿಸುವಾಗ ತಲೆ ಗೋಡೆಗೆ ಬಡಿದದ್ದನ್ನೂ ಮರೆಯದೆ ಹೇಳಿ. ತಲೆಗೆ ಬಿದ್ದ ಪೆಟ್ಟಿನಿಂದಲೂ ವಾರಗಟ್ಟಲೆ ನಿದ್ದೆ ಕೆಡುತ್ತದೆ, ಸಿಡುಕು ಬರುತ್ತದೆ, ಗಮನ ನಿಲ್ಲುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಇದ್ದರೆ ಅದನ್ನೂ ಹೇಳಬೇಕು. ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆದು ತಲೆಯನ್ನೇ ಪರೀಕ್ಷಿಸದೆ ಬಿಟ್ಟದ್ದನ್ನು ನೋಡಿದ್ದೇನೆ.

ಚಿಕಿತ್ಸೆ ಇದೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆಘಾತಕ್ಕೆಂದೇ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ ಮತ್ತು ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಆ ಘಟನೆಯನ್ನು ನೆನೆಯುವ ಇಎಂಡಿಆರ್ ಎಂಬ ವಿಧಾನ ಎರಡಕ್ಕೂ ಒಳ್ಳೆಯ ಪುರಾವೆ ಇದೆ. ಒಂದೇ ಘಟನೆಯ ಆಘಾತಕ್ಕೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿ ಬೇಕಾಗುತ್ತವೆ. ಮೊದಲ ಎರಡು ಮೂರು ಭೇಟಿ ಕಷ್ಟ. ಆ ರಾತ್ರಿಯನ್ನು ಮತ್ತೆ ಹಾದುಹೋಗಬೇಕಾದ್ದರಿಂದ ಕನಸು ಸ್ವಲ್ಪ ದಿನ ಜಾಸ್ತಿಯೂ ಆಗಬಹುದು. ಆ ಹೊತ್ತಿಗೆ ಬಿಟ್ಟುಬಿಡುವವರು ಇದ್ದಾರೆ, ಹಾಗಾಗಿ ಮೊದಲೇ ಹೇಳುತ್ತಿದ್ದೇನೆ. ಸರ್ಟ್ರಾಲಿನ್‌ನಂಥ ಖಿನ್ನತೆ ನಿವಾರಕ ಔಷಧವೂ ಕೆಲವರಿಗೆ ಬೇಕಾಗುತ್ತದೆ, ಅದನ್ನು ನಿಮ್ಮ ವೈದ್ಯರು ನೋಡಿ ಹೇಳಲಿ.

ಲೊರಾಜೆಪಾಮ್ ಸಾಕು. ಆರು ವಾರದಲ್ಲಿ ಐದಾರು ಮಾತ್ರೆ ಅಂದರೆ ನಿಲ್ಲಿಸಿದರೆ ತೊಂದರೆಯಾಗುವ ಪ್ರಮಾಣವಲ್ಲ, ಇವತ್ತೇ ನಿಲ್ಲಿಸಿ. ಇದನ್ನು ಓದುತ್ತಿರುವ ಬೇರೆ ಯಾರಾದರೂ ವಾರಗಟ್ಟಲೆ ದಿನಾ ತೆಗೆದುಕೊಳ್ಳುತ್ತಿದ್ದರೆ ಹಾಗೆ ಥಟ್ಟನೆ ಬಿಡಬೇಡಿ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಇಳಿಸಬೇಕು. ಈ ಗುಂಪಿನ ಮಾತ್ರೆಗಳು ಆಘಾತವನ್ನು ವಾಸಿ ಮಾಡುವುದಿಲ್ಲ, ಪಿಟಿಎಸ್‌ಡಿಗೆ ಇವನ್ನು ಶಿಫಾರಸು ಮಾಡುವುದೂ ಇಲ್ಲ. ನಿದ್ದೆ ಬಂದಂತೆ ಮಾಡಿ, ಭಯವನ್ನು ಇದ್ದಲ್ಲೇ ಇಟ್ಟಿರುತ್ತವೆ. ನಿಮ್ಮ ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿರಬೇಕು. ಆದರೆ ಔಷಧದ ಕಪಾಟಿನ ಕೀ ನಮ್ಮ ಸೊಂಟದಲ್ಲೇ ಇರುವ ವೃತ್ತಿ ಇದು. ಒಂದು ಮಾತ್ರೆಯಿಂದ ಶುರುವಾಗಿ ಸ್ಟಾಕ್ ರಿಜಿಸ್ಟರ್ ತಿದ್ದುವವರೆಗೆ ಹೋದವರನ್ನು ಕಂಡಿದ್ದೇನೆ. ಕೆಟ್ಟವರಲ್ಲ ಅವರು, ನಿದ್ದೆಯಿಲ್ಲದವರು.

ನಿದ್ದೆಯದ್ದೇ ಇನ್ನೊಂದು ಎಳೆ. ಆಘಾತ ಇಲ್ಲದವರಿಗೂ ನೈಟ್ ಮುಗಿಸಿ ಹಗಲು ಮಲಗಿದರೆ ನಿದ್ದೆ ಒಂದೆರಡು ಗಂಟೆ ಕಡಿಮೆಯೇ. ದೇಹದ ಗಡಿಯಾರ ‘ಬೆಳಗಾಯಿತು, ಏಳು’ ಅನ್ನುತ್ತಿರುತ್ತದೆ. ಭಯದ ನೆನಪನ್ನು ಮಾಗಿಸುವುದರಲ್ಲಿ ನಿದ್ದೆಗೆ ದೊಡ್ಡ ಪಾಲಿದೆ, ಆ ಬಾಗಿಲೇ ನಿಮಗೆ ಮುಚ್ಚಿದೆ. ಸತತ ಹದಿನೇಳು ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಕುಸಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ಅದರ ಮೇಲೆ ಮಾತ್ರೆಯ ಮಂಪರೂ ಸೇರಿದರೆ ಡೋಸ್ ತಪ್ಪುವುದಕ್ಕೆ ಬೇರೆ ಕಾರಣ ಬೇಡ. ಹಾಗಾಗಿ ನಿಮ್ಮ ವಿಷಯದಲ್ಲಿ ನನ್ನ ಮೊದಲ ಬೇಡಿಕೆ ವರ್ಗವಲ್ಲ: ಕನಿಷ್ಠ ಆರು ವಾರ ನೈಟ್ ಬೇಡ. ವೈದ್ಯರ ಚೀಟಿಯಲ್ಲಿ ಇಷ್ಟು ಬರೆಸಿದರೆ ಸಾಕು.

ಇನ್ನು ಆ ತಾಯಿ ಅಳುತ್ತಿದ್ದಾಗ ನೀವು ಗಡಿಯಾರ ನೋಡಿದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಿಮ್ಮ ಪತ್ರದಲ್ಲಿ ನಿಮ್ಮ ಮೇಲೆ ನಿಮಗೇ ಅಸಹ್ಯ ಹುಟ್ಟಿರುವುದು ಇಲ್ಲಿ. ಮರಗಟ್ಟುವುದು ಆಘಾತದ ಲಕ್ಷಣವೂ ಹೌದು, ಬರ್ನ್‌ಔಟ್ ಎನ್ನುವ ದಣಿವಿನ ಲಕ್ಷಣವೂ ಹೌದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಬರೆದಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆ. ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಬರುವಂಥದ್ದು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಯಾವುದೂ ಫಲ ಕೊಡುತ್ತಿಲ್ಲ ಅನ್ನಿಸುವುದು. ಕಾಯಿಲೆ ಅಲ್ಲ ಅಂದರೆ ಕ್ಷುಲ್ಲಕ ಎಂದಲ್ಲ. ಬೇರು ನಿಮ್ಮೊಳಗಿಲ್ಲ, ಕೆಲಸದಲ್ಲಿದೆ ಎಂದರ್ಥ.

ಮನೋರೋಗ ವಾರ್ಡಿನಲ್ಲಿ ನರ್ಸಿನ ಉಪಕರಣ ನರ್ಸೇ. ಬೇರೆ ವಿಭಾಗಗಳಲ್ಲಿ ಕೈಗೆ ಒಂದು ಯಂತ್ರ, ಒಂದು ಡ್ರೆಸ್ಸಿಂಗ್ ಇರುತ್ತದೆ. ಇಲ್ಲಿ ದನಿ, ಮುಖ, ತಾಳ್ಮೆ ಅಷ್ಟೇ. ಒಳಗೆ ಹೆದರಿಕೆ ಇದ್ದರೂ ಮುಖ ಶಾಂತವಾಗಿರಬೇಕು, ಬೈಗುಳ ಬಿದ್ದರೂ ದನಿ ಏರಬಾರದು. ಇದೂ ದುಡಿಮೆಯೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲೀ ಹೋಕ್ಶೀಲ್ಡ್ 1983ರಲ್ಲಿ ಅದಕ್ಕೊಂದು ಹೆಸರು ಕೊಟ್ಟರು: ಭಾವನಾತ್ಮಕ ಶ್ರಮ. ದಿನಕ್ಕೆ ಎಂಟು ಗಂಟೆ, ಏಳು ವರ್ಷ ಈ ಶ್ರಮ ಮಾಡಿ, ಒಂದು ಸಲವೂ ಅದನ್ನು ಇಳಿಸಿಡಲು ಜಾಗ ಸಿಗದಿದ್ದರೆ ಮನಸ್ಸು ತನ್ನಷ್ಟಕ್ಕೆ ಫ್ಯೂಸ್ ತೆಗೆದುಬಿಡುತ್ತದೆ. ಅದಕ್ಕೂ ಹಿಂದೆ, 1960ರಲ್ಲಿ, ಮನೋವಿಶ್ಲೇಷಕಿ ಇಸಾಬೆಲ್ ಮೆಂಜೀಸ್ ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ನರ್ಸುಗಳನ್ನು ಗಮನಿಸಿ ಬರೆದಿದ್ದರು: ಸಂಕಟ ತಾಳಲಾರದೆ ಇಡೀ ವ್ಯವಸ್ಥೆಯೇ ರೋಗಿಯನ್ನು ಹೆಸರಿನಿಂದ ಕರೆಯುವುದನ್ನು ಬಿಟ್ಟು ಹಾಸಿಗೆಯ ನಂಬರಿನಿಂದ, ಅಂಗದ ಹೆಸರಿನಿಂದ ಕರೆಯುತ್ತದೆ. ನಿಮ್ಮ ಗಡಿಯಾರ ಆ ಹಾಸಿಗೆ ನಂಬರು. ಕರುಣೆ ಸತ್ತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ ನೀವು.

ಆದರೂ ಇದನ್ನು ಹೀಗೇ ಬಿಡಬಾರದು. ಮರಗಟ್ಟಿದ ಮನಸ್ಸು ರೋಗಿಯಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಗಮನಿಸುವುದಿಲ್ಲ, ನಮ್ಮ ವಾರ್ಡಿನಲ್ಲಿ ಸುರಕ್ಷತೆ ನಿಂತಿರುವುದೇ ಆ ಗಮನದ ಮೇಲೆ. ಹಲ್ಲೆಯ ಅಪಾಯವನ್ನು ಮೊದಲೇ ಅಂದಾಜು ಮಾಡಲು ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್ ಪಟ್ಟಿ ನಿಮ್ಮಲ್ಲಿ ಬಳಕೆಯಲ್ಲಿದೆಯೋ ಇಲ್ಲವೋ. ಅದು ನೋಡುವುದು ಆರೇ ವಿಷಯ: ಗೊಂದಲ, ಸಿಡುಕು, ಗದ್ದಲ, ಬಾಯಿಂದ ಬೆದರಿಕೆ, ಮೈಯಿಂದ ಬೆದರಿಕೆ, ವಸ್ತುಗಳ ಮೇಲೆ ಹಲ್ಲೆ. ಒಂದೊಂದಕ್ಕೆ ಒಂದಂಕ. ಮೂರು ಅಥವಾ ಹೆಚ್ಚಾದರೆ ಮುಂದಿನ 24 ಗಂಟೆಯಲ್ಲಿ ಹಲ್ಲೆಯ ಸಾಧ್ಯತೆ ಹೆಚ್ಚು, ತಡೆಯುವ ಕ್ರಮ ಬೇಕು. ಐದು ನಿಮಿಷದ ಕೆಲಸ. ಪ್ರತಿ ಪಾಳಿಯಲ್ಲೂ ಬರೆದರೆ ‘ಏನೋ ಸರಿ ಇಲ್ಲ ಅನ್ನಿಸುತ್ತಿದೆ’ ಎಂಬ ನರ್ಸಿನ ಒಳದನಿ ಕಾಗದದ ಮೇಲೆ ಅಂಕಿಯಾಗುತ್ತದೆ. ಅಂಕಿ ಇದ್ದರೆ ಇನ್ನೊಬ್ಬರನ್ನು ಕೊಡಿ ಎಂದು ಕೇಳುವುದು ಸುಲಭ.

ಆ ರಾತ್ರಿಯ ಬಗ್ಗೆ ನನಗೊಂದು ಅನುಮಾನವಿದೆ. ದಾಖಲಾಗಿ ನಾಲ್ಕನೇ ದಿನ, ಮೂರು ಸಲ ಎದ್ದು ಬಂದರು ಅನ್ನುತ್ತೀರಿ. ಭ್ರಮೆ, ಉದ್ರೇಕ ತಗ್ಗಿಸುವ ಆಂಟಿಸೈಕೋಟಿಕ್ ಔಷಧ ಹೊಸದಾಗಿ ಶುರುವಾಗಿತ್ತೇ, ಡೋಸ್ ಏರಿಸಿದ್ದರೇ, ಚಾರ್ಟ್ ತೆಗೆದು ನೋಡಿ. ಈ ಔಷಧಗಳಿಂದ ಕೆಲವರಿಗೆ ಮೊದಲ ದಿನಗಳಲ್ಲೇ ಅಕಥಿಸಿಯಾ ಎಂಬ ಚಡಪಡಿಕೆ ಬರುತ್ತದೆ. ಕಾಲು ಒಂದೆಡೆ ನಿಲ್ಲುವುದಿಲ್ಲ, ಕೂತರೆ ಏಳಬೇಕು, ಎದ್ದರೆ ನಡೆಯಬೇಕು, ಒಳಗಿನಿಂದ ಯಾರೋ ತಳ್ಳಿದ ಹಾಗೆ. ಅನುಭವಿಸಿದವರು ‘ಚರ್ಮದಿಂದ ಹೊರಗೆ ಹಾರಿಬಿಡೋಣ ಅನ್ನಿಸುತ್ತೆ ಸಿಸ್ಟರ್’ ಎಂದು ನನಗೆ ಹೇಳಿದ್ದಾರೆ. ನೋಡುವವರಿಗೆ ಅದು ಕಾಯಿಲೆಯ ಉದ್ರೇಕದಂತೆಯೇ ಕಾಣುತ್ತದೆ. ಹಾಗೆಂದುಕೊಂಡು ಅದೇ ಔಷಧವನ್ನು ಏರಿಸಿದರೆ ಸಂಕಟ ಇಮ್ಮಡಿಯಾಗುತ್ತದೆ. ಡೋಸ್ ಇಳಿಸಿಯೋ, ಔಷಧ ಬದಲಿಸಿಯೋ, ಪ್ರೊಪ್ರಾನೊಲಾಲ್ ಎಂಬ ಮಾತ್ರೆ ಕೊಟ್ಟೋ ವೈದ್ಯರು ಅದನ್ನು ಕಡಿಮೆ ಮಾಡಬಲ್ಲರು, ಗಮನಿಸಿ ಹೇಳುವವರಿದ್ದರೆ. ಆ ರಾತ್ರಿ ಇದೇ ಆಗಿತ್ತು ಅನ್ನುತ್ತಿಲ್ಲ. ‘ಬೆನ್ನು ಹಾಕಿದ್ದು ಯಾಕೆ’ ಎಂಬ ಪ್ರಶ್ನೆಗಿಂತ ಇದು ಕೇಳಬೇಕಾದ ಪ್ರಶ್ನೆ ಅನ್ನುತ್ತಿದ್ದೇನೆ.

ಫೋನಿನ ವಿಷಯವೂ ಅಷ್ಟೇ. ಬೀಗ ಹಾಕಿದ ವಾರ್ಡಿನಲ್ಲಿ ಹಲ್ಲೆ ಹೆಚ್ಚಾಗಿ ಸ್ಫೋಟವಾಗುವುದು ‘ಇಲ್ಲ’ ಎಂಬ ಮಾತಿನ ಬೆನ್ನಿಗೆ: ಹೊರಗೆ ಬಿಡುವುದಿಲ್ಲ, ಫೋನ್ ಇಲ್ಲ, ಇವತ್ತು ಡಿಸ್ಚಾರ್ಜ್ ಇಲ್ಲ. ಇಂಗ್ಲೆಂಡಿನಲ್ಲಿ ಮನೋರೋಗ ಶುಶ್ರೂಷೆಯ ಪ್ರಾಧ್ಯಾಪಕರಾಗಿದ್ದ ಲೆನ್ ಬೋವರ್ಸ್ ಮತ್ತು ಅವರ ತಂಡ 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಸೇಫ್‌ವಾರ್ಡ್ಸ್ ಎಂಬ ಕ್ರಮವನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಹತ್ತು ಚಿಕ್ಕ ಚಿಕ್ಕ ಬದಲಾವಣೆಗಳು. ಕೆಟ್ಟ ಸುದ್ದಿಯನ್ನು ಮೊದಲೇ ಊಹಿಸಿ ಮೆತ್ತಗೆ ತಿಳಿಸುವುದು, ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರ್‌ನಲ್ಲಿ ಪ್ರತಿ ರೋಗಿಯ ಬಗ್ಗೆ ಒಂದಾದರೂ ಒಳ್ಳೆಯ ಮಾತು ಸೇರಿಸುವುದು, ಗಲಾಟೆ ಆದ ಮೇಲೆ ಅದನ್ನು ಕಂಡು ಹೆದರಿದ ಉಳಿದ ರೋಗಿಗಳನ್ನು ಹೋಗಿ ಮಾತಾಡಿಸುವುದು, ಇಂಥವು. ಹೋಲಿಕೆಯ ವಾರ್ಡುಗಳಿಗಿಂತ ಘರ್ಷಣೆ ಶೇ 15ರಷ್ಟು, ಕಟ್ಟುವುದು ಕೂಡಿಹಾಕುವುದು ಮುಂತಾದ ನಿರ್ಬಂಧ ಶೇ 26.4ರಷ್ಟು ಕಡಿಮೆಯಾದವು. ಇದನ್ನು ಹೇಳುವಾಗ ನನಗೊಂದು ಅಳುಕೂ ಇದೆ: ‘ಹಾಗಾದರೆ ನಾನೇ ಮೆತ್ತಗೆ ಹೇಳಬೇಕಿತ್ತು’ ಎಂದು ನೀವು ಇನ್ನೊಂದು ಹೊರೆ ಹೊತ್ತುಕೊಂಡೀರಿ. ಬೇಡ. ಒಬ್ಬ ರೋಗಿಯ ಬಳಿ ಕೂತು ಮೆತ್ತಗೆ ಮಾತಾಡಬೇಕಾದರೆ ಟ್ರೇ ಹಿಡಿಯಲು ಇನ್ನೊಬ್ಬರು ಇರಬೇಕು.

ಇಷ್ಟೆಲ್ಲ ಆದ ಮೇಲೆ ನಿಮ್ಮ ಮುಂದಿರುವ ದಾರಿಗಳು. ದಾಖಲೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ನೀವು ಅದಕ್ಕೇ ಹೆಚ್ಚು ಹೆದರಿದ್ದೀರಿ. ಚಿಕಿತ್ಸೆಯ ವಿವರ ವೈದ್ಯರ ಮತ್ತು ನಿಮ್ಮ ನಡುವಿನ ಗುಟ್ಟು. ರಜೆಗೋ ಪಾಳಿ ಬದಲಿಗೋ ಸಾಮಾನ್ಯವಾಗಿ ಬೇಕಾಗುವುದು ‘ಇಂಥ ಕೆಲಸಕ್ಕೆ ಇಷ್ಟು ದಿನ ಸದ್ಯ ಯೋಗ್ಯರಲ್ಲ’ ಎಂಬ ಪ್ರಮಾಣಪತ್ರ, ರೋಗದ ಹೆಸರಲ್ಲ. ನಿಯಮ ಎಲ್ಲ ಕಡೆ ಒಂದೇ ಇರುವುದಿಲ್ಲ, ನಿಮ್ಮ ಸಂಘದವರನ್ನೋ ಅನುಭವಸ್ಥರನ್ನೋ ಮೊದಲೇ ಕೇಳಿಕೊಳ್ಳಿ. ನಿಮ್ಮದೇ ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಡಿ, ಅಲ್ಲಿ ನೀವು ಮನಸ್ಸು ಬಿಚ್ಚಲಾರಿರಿ. ಘಟನೆಯ ವರದಿ ಮಾತ್ರ ಬೇರೆ ವಿಷಯ. ಆರು ವಾರ ಆಗಿದ್ದರೂ ಲಿಖಿತವಾಗಿ ಕೊಡಿ: ದಿನಾಂಕ, ಸಮಯ, ಪಾಳಿಯಲ್ಲಿ ಎಷ್ಟು ಜನ ಇದ್ದಿರಿ, ಎಷ್ಟು ರೋಗಿಗಳಿದ್ದರು, ಗಾಯ, ಹೊಲಿಗೆ, ಪಾಳಿ ಬಿಡಿಸಲು ಯಾರೂ ಬರದಿದ್ದದ್ದು. ಒಂದು ಪ್ರತಿ ನಿಮ್ಮ ಬಳಿ ಇರಲಿ. ರೋಗಿಯ ಮೇಲಿನ ದೂರಲ್ಲ ಇದು. ಅಪಾಯವೂ ಇದೆ, ಮುಚ್ಚಿಡುವುದಿಲ್ಲ: ಕೆಲವು ಕಡೆ ಬರೆದವರನ್ನೇ ತಕರಾರಿನವರು ಎಂದು ನೋಡುತ್ತಾರೆ. ಬರೆಯದಿದ್ದರೆ ಆ ರಾತ್ರಿ ಕಾಗದದ ಮೇಲೆ ನಡೆದೇ ಇರುವುದಿಲ್ಲ, ಮುಂದಿನ ನರ್ಸೂ ಅಲ್ಲಿ ಒಬ್ಬರೇ ಇರುತ್ತಾರೆ.

ಅದೇ ವಾರ್ಡಿನಲ್ಲಿ ಹಗಲು ಪಾಳಿ, ಜೊತೆಗೊಬ್ಬರು, ಬದಿಯಲ್ಲಿ ಚಿಕಿತ್ಸೆ: ಸಾಧ್ಯವಾದರೆ ನನ್ನ ಒಲವು ಇದಕ್ಕೆ. ಭಯವಾದ ಜಾಗದಲ್ಲೇ ಸುರಕ್ಷಿತವಾಗಿ ದಿನಗಳು ಕಳೆದಾಗ ಮೆದುಳು ಹಳೆಯ ಪಾಠವನ್ನು ತಿದ್ದಿಕೊಳ್ಳುತ್ತದೆ. ಆದರೆ ‘ಜೊತೆಗೊಬ್ಬರು’ ಎಂಬುದು ಬರೀ ಮಾತಾಗಿ ಉಳಿದು, ಒಳಗೆ ನಡುಗುತ್ತಲೇ ದಿನ ತಳ್ಳಬೇಕಾಗಿ ಬಂದರೆ ಭಯ ಬೇರು ಬಿಡುತ್ತದೆ. ಎರಡು ವಾರ ನೋಡಿ, ಅದಕ್ಕಿಂತ ಹೆಚ್ಚು ಕಾಯಬೇಡಿ. ಹೊರರೋಗಿ ವಿಭಾಗಕ್ಕೋ ಪುನರ್ವಸತಿ ಘಟಕಕ್ಕೋ ಮೂರು ತಿಂಗಳ ವರ್ಗ ಕೇಳುವುದು ಇನ್ನೊಂದು ದಾರಿ. ಉಸಿರಾಡಲು ಜಾಗ ಸಿಗುತ್ತದೆ, ನಿದ್ದೆ ಸರಿಯಾಗುತ್ತದೆ. ಅದರ ಅಪಾಯ ಏನೆಂದರೆ ಚಿಕಿತ್ಸೆ ಇಲ್ಲದೆ ಬರೀ ಜಾಗ ಬದಲಿಸಿದರೆ ಭಯ ಅಲ್ಲೇ ಕಾದು ಕೂತಿರುತ್ತದೆ, ಮೂರು ತಿಂಗಳಾದ ಮೇಲೆ ಆ ಬಾಗಿಲು ಇನ್ನೂ ದೊಡ್ಡದಾಗಿ ಕಾಣುತ್ತದೆ. ವರ್ಗ ತೆಗೆದುಕೊಂಡರೂ ಚಿಕಿತ್ಸೆ ಬಿಡಬೇಡಿ.

ಕೆಲಸ ಬಿಡುವುದನ್ನು ಈಗ ತೀರ್ಮಾನಿಸಬೇಡಿ. ನಿದ್ದೆಗೆಟ್ಟ ಮನಸ್ಸಿಗೆ ಎರಡೇ ಬಾಗಿಲು ಕಾಣುತ್ತವೆ, ಇರುವುದು ಇನ್ನೂ ಹೆಚ್ಚು. ಚಿಕಿತ್ಸೆ ಮುಗಿದು, ನಿದ್ದೆ ಬಂದು, ಆಮೇಲೂ ಈ ಕೆಲಸ ಬೇಡ ಅನ್ನಿಸಿದರೆ ಧೈರ್ಯವಾಗಿ ಬಿಡಿ, ಅದು ಸೋಲಲ್ಲ. ವರದಿ ಕೊಟ್ಟ ಮೇಲೂ ರಾತ್ರಿ ಒಬ್ಬರನ್ನೇ ನಿಲ್ಲಿಸುವುದು ಮುಂದುವರಿದರೆ ಆಗಲೂ ಬಿಡುವುದೇ ಸರಿ ಅನ್ನುತ್ತೇನೆ. ಯಾವ ಚಿಕಿತ್ಸೆಯೂ ಎರಡನೇ ನರ್ಸಿನ ಜಾಗ ತುಂಬುವುದಿಲ್ಲ. ಯೋಗ, ಧ್ಯಾನ, ಒತ್ತಡ ನಿರ್ವಹಣೆಯ ಕಾರ್ಯಾಗಾರಗಳ ಬಗ್ಗೆ ನನಗೆ ಗೌರವವಿದೆ. ಪಾಳಿಯಲ್ಲಿ ಜನ ಕೊಡದೆ ಅವನ್ನು ಮಾತ್ರ ಕೊಡುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಇದನ್ನು ಇನ್‌ಚಾರ್ಜ್ ಸಿಸ್ಟರ್ ಯಾರಾದರೂ ಓದುತ್ತಿದ್ದರೆ ಒಂದು ಮಾತು. ಹಲ್ಲೆಯಾದ ಮರುದಿನ ಎಲ್ಲರನ್ನೂ ಕೂರಿಸಿ, ಪೆಟ್ಟು ತಿಂದವರಿಂದ ಘಟನೆಯನ್ನು ಎಳೆಎಳೆಯಾಗಿ ಹೇಳಿಸುವುದು ಒಳ್ಳೆಯದೆಂದು ಒಂದು ಕಾಲದಲ್ಲಿ ನಂಬಿದ್ದೆವು. ಅಂಥ ಒಂದೇ ಬೈಠಕ್ ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಕೆಲವರಿಗೆ ಹಾನಿಯನ್ನೂ ಮಾಡಬಹುದು ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಬೇಕಾದದ್ದು ಬಹಳ ಸಾದಾ: ಆ ಕ್ಷಣ ಪಾಳಿಯಿಂದ ಬಿಡಿಸಿ, ಗಾಯ ನೋಡಿಸಿ, ಮನೆಗೆ ತಲುಪಿಸಿ, ಮರುದಿನ ಫೋನ್ ಮಾಡಿ. ಹೇಳಬೇಕೆನಿಸಿದರೆ ಕೇಳಿ, ಕೆದಕಬೇಡಿ. ಒಂದು ತಿಂಗಳಾದ ಮೇಲೆ ಮತ್ತೊಮ್ಮೆ ವಿಚಾರಿಸಿ, ಆ ಹೊತ್ತಿಗೆ ಉಳಿದವರೆಲ್ಲ ಮರೆತಿರುತ್ತಾರೆ.

ಈ ದಿನಗಳಲ್ಲಿ ಸಾಯುವ ಯೋಚನೆ ಬಂದರೆ, ಅಥವಾ ಯಾವುದಾದರೂ ರೋಗಿಯ ಮೇಲೆ ಕೈ ಮಾಡಿಬಿಡುತ್ತೇನೇನೋ ಅನ್ನಿಸಿದರೆ, ಅದೇ ದಿನ ಯಾರಿಗಾದರೂ ಹೇಳಿ ವೈದ್ಯರ ಬಳಿ ಹೋಗಿ. ಎರಡನೆಯದನ್ನು ಬಾಯಿಬಿಟ್ಟು ಹೇಳಲು ನರ್ಸುಗಳು ಸಾಯುವಷ್ಟು ನಾಚುತ್ತಾರೆ. ನನ್ನ ಬಳಿ ಹೇಳಿಕೊಂಡ ಒಬ್ಬರೂ ಆಮೇಲೆ ಕೈ ಮಾಡಲಿಲ್ಲ.

ಕೊನೆಗೆ ಆ ರೋಗಿ. ಅವರ ಜೊತೆ ಮಾತಾಡಲೇಬೇಕೆಂಬ ಕಟ್ಟಳೆ ಇಲ್ಲ, ಕ್ಷಮಿಸಲೇಬೇಕೆಂಬುದಂತೂ ಇಲ್ಲವೇ ಇಲ್ಲ. ಆದರೆ ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಒಂದೇ ಕಾರಿಡಾರಿನಲ್ಲಿ ಓಡಾಡುತ್ತಿರುವ ಸಾಧ್ಯತೆ ಇದೆ. ನನ್ನ ವೃತ್ತಿಯ ಮೂರನೇ ವರ್ಷ ನನ್ನ ಮಣಿಕಟ್ಟು ತಿರುಚಿದ ರೋಗಿ, ಎಷ್ಟೋ ದಿನದ ಮೇಲೆ ನನ್ನ ಬ್ಯಾಂಡೇಜನ್ನೇ ದಿಟ್ಟಿಸಿ ನೋಡುತ್ತಾ, ‘ಸಿಸ್ಟರ್, ಅದು ನಾನು ಮಾಡಿದ್ದಾ?’ ಎಂದು ಕೇಳಿದರು. ಅವರಿಗೆ ಅರ್ಧಂಬರ್ಧ ನೆನಪಿತ್ತು. ಹೌದು ಎಂದೆ. ನೋವಾಯಿತು, ಹೆದರಿಕೆಯೂ ಆಯಿತು, ಈಗ ವಾಸಿಯಾಗುತ್ತಿದೆ ಎಂದೆ. ಅವರು ಮಂಚದ ಮೇಲೆ ಜರುಗಿ ನನಗೆ ಕೂರಲು ಜಾಗ ಮಾಡಿದರು. ನಾನು ಕೂರಲಿಲ್ಲ, ಆಗಿನ್ನೂ ಧೈರ್ಯ ಬಂದಿರಲಿಲ್ಲ. ನಿಂತೇ ಸ್ವಲ್ಪ ಹೊತ್ತು ಮಾತಾಡಿದೆವು.

ಮನಸ್ಸು ಬಂದರೆ ಹಗಲು ಹೊತ್ತು ನೋಡಿಕೊಳ್ಳಿ. ಅವರ ವೈದ್ಯರಿಗೆ ಮೊದಲೇ ತಿಳಿಸಿ, ಇನ್ನೊಬ್ಬ ಸಿಸ್ಟರ್ ಜೊತೆಗಿರಲಿ. ಬಾಗಿಲು ಇಬ್ಬರಿಗೂ ಹತ್ತಿರವಿರುವ ಹಾಗೆ ನಿಲ್ಲಿ, ಯಾರ ದಾರಿಗೂ ಯಾರೂ ಅಡ್ಡ ಬೇಡ. ‘ಆ ರಾತ್ರಿ ನಿಮಗೆ ಏನಾಗುತ್ತಿತ್ತು?’ ಎಂದು ಕೇಳಿ, ಕಾಲಿನ ಚಡಪಡಿಕೆ ಇತ್ತೇ ಎಂದೂ ಕೇಳಿ. ಉತ್ತರ ಬಂದರೆ ಚಾರ್ಟಿನಲ್ಲಿ ಬರೆಯಿರಿ. ಐದು ನಿಮಿಷ ಸಾಕು. ಕೀ ಗೊಂಚಲು ಆ ಐದು ನಿಮಿಷ ಜೊತೆಗಿದ್ದವರ ಕೈಯಲ್ಲಿರಲಿ.